ಜೇಬಿನಲ್ಲೇ ಉಳಿದ ಸ್ಪ್ರಿಂಗು

ಓಬಳಣ್ಣನ ಕೈ ಕೆಟ್ಟಿರಲಿಲ್ಲ. ಕಲ್ಯಾಣದುರ್ಗದ ಹತ್ತಿರ ನನ್ನ ಹೆಂಡತಿಯ ತವರೂರಿನಲ್ಲಿ ಎಲ್ಲರೂ ಅಷ್ಟು ವರ್ಷ ನಂಬಿಕೊಂಡು ಬಂದ ಆ ಮಾತು ಸುಳ್ಳು — ಅದು ಹುಟ್ಟಿದ್ದು ನನ್ನಿಂದ. ಅವಳ ತವರುಮನೆಯ ಹಳೆಯ ಕೆಂಪು ಟ್ರ್ಯಾಕ್ಟರಿನ ಉಳುವ ಗೇರು ನಡುಹೊಲದಲ್ಲಿ ತಾನಾಗಿ ಹಾರಿಕೊಳ್ಳುತ್ತಿದ್ದದ್ದು ಅದನ್ನು ಓಡಿಸುತ್ತಿದ್ದ ಆ ಮನೆಯ ಆಳು ಓಬಳಣ್ಣನ ತಪ್ಪಿನಿಂದಲ್ಲ. ಕಿರುಬೆರಳಿನ ತುದಿಯಷ್ಟಿರುವ ಒಂದು ಸ್ಪ್ರಿಂಗನ್ನು ನಾನು ಹಾಕಬೇಕಾದ ಜಾಗದಲ್ಲಿ ಹಾಕಲಿಲ್ಲ. ಮರೆತು ಬಿಟ್ಟದ್ದಲ್ಲ. ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ನಾನು ಹಿಂದೂಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡು ಬದುಕಿದವನು. ಹುಟ್ಟಿದ್ದು ಪರಿಗಿ ಕಡೆಯ ಒಕ್ಕಲು ಮನೆಯಲ್ಲಾದರೂ ಮಣ್ಣಿಗಿಂತ ಗ್ರೀಸೇ ನನಗೆ ಬೇಗ ಅಂಟಿತು. ಗೇರ್‌ಬಾಕ್ಸ್ ವಿಷಯದಲ್ಲಿ ಸ್ವಲ್ಪ ಜಂಬವೂ ಉಂಟು. ಬಂಡಿ — ಟ್ರ್ಯಾಕ್ಟರಿಗೆ ನಾವು ಅನ್ನುವುದು ಹಾಗೇ — ಅಂಗಡಿಯ ಮುಂದೆ ಬಂದು ನಿಲ್ಲುವುದರೊಳಗೆ ಅದರ ನರಳಾಟ ಕೇಳಿಯೇ ಬೇರಿಂಗ್ ಹೋಗಿದೆಯೋ, ಎಣ್ಣೆ ಇಳಿದಿದೆಯೋ, ಕ್ಲಚ್ ಪೂರ್ತಿ ಬಿಡುತ್ತಿಲ್ಲವೋ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಪದ್ಮಾ ಮಾತ್ರ ಇದಕ್ಕೆ ಮೂಗು ಮುರಿಯುತ್ತಾಳೆ. "ಬೀದಿ ಕೊನೇಲಿ ಹೋಗೋ ಬಂಡಿ ಕೇಳ್ತೈತೆ, ಅಡುಗೆಮನೆಯಿಂದ ನಾನ್ ಕೂಗಿದ್ದು ಕೇಳಲ್ಲ ನಿಮ್ಗೆ" ಅನ್ನುತ್ತಾಳೆ. ಇಬ್ಬರಿಗೂ ತಲೆ ನರೆತಿದೆ, ಇಬ್ಬರಿಗೂ ಊಟ ಸೇರುತ್ತದೆ, ದಿನಕ್ಕೊಂದು ಸಣ್ಣ ಜಗಳ, ಅದಕ್ಕಿಂತ ಹೆಚ್ಚು ನಗು. ನಾವು ಸುಖವಾಗಿದ್ದೇವೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನಾನು ಮಾಡಿದ ತಪ್ಪು ಈ ಸುಖದ ಬುಡದಲ್ಲೇ ಇದೆ.

ಪದ್ಮಾಳ ತಂದೆ ಹುಣಸೆಹಣ್ಣು ಮಾರಲು ಹಿಂದೂಪುರದ ಮಾರ್ಕೆಟ್ಟಿಗೆ ಬಂದವರು ಅಂಗಡಿಗೆ ಬಂದು ನನ್ನನ್ನು ಕರೆದರು. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ಊರಿನಲ್ಲಿ ಎಲ್ಲರೂ ಅವರನ್ನು ಯಜಮಾನರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ದೂರದ ಬಳಗ ಅಂತ ಆಮೇಲೆ ಗೊತ್ತಾಯಿತು. "ಬಂಡಿ ಗೇರು ಕಚ್ಕಂಡ್ಬುಟ್ಟೈತೆ ಕಣಪ್ಪ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ" ಅಂದರು. ಬ್ಯಾಗಿಗೆ ಸ್ಪ್ಯಾನರು ತುಂಬಿಕೊಂಡು ಬಸ್ಸು ಹತ್ತಿದೆ. ಸೋಮಂದೇಪಲ್ಲಿ ದಾಟಿ ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಆ ಊರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಯಜಮಾನರು ಉಂಡು ಮಲಗಿದರು. ಓಬಳಣ್ಣ ಡೀಸೆಲ್ ತರಲು ಕಲ್ಯಾಣದುರ್ಗಕ್ಕೆ ಹೋಗಿದ್ದ. ಕಡ್ಲೆಕಾಯಿ ಬಳ್ಳಿಯ ಬಣವೆಯ ನೆರಳಿನಲ್ಲಿ ಬಂಡಿಯೂ ನಾನೂ ಇಬ್ಬರೇ.

ಗೇರ್‌ಬಾಕ್ಸಿನ ಒಳಗಿನದು ಅಂಥ ಕಷ್ಟದ ವಿಷಯವಲ್ಲ. ಕೆಲವು ಕಂಬಿಗಳಿರುತ್ತವೆ. ನಾವು ಗೇರು ಹಾಕಿದಾಗ ಕಂಬಿ ಸರಿದು ಹಲ್ಲಿನ ಚಕ್ರವನ್ನು ತಳ್ಳುತ್ತದೆ. ಸರಿದ ಕಂಬಿ ಅಲ್ಲೇ ನಿಲ್ಲಬೇಕಲ್ಲ — ಅದಕ್ಕೆ ಕಂಬಿಯಲ್ಲೊಂದು ಗುಳಿ, ಗುಳಿಯಲ್ಲಿ ಕೂರುವ ಉಕ್ಕಿನ ಗೋಲಿ, ಗೋಲಿಯನ್ನು ಒತ್ತಿ ಹಿಡಿಯುವ ಗಟ್ಟಿ ಸ್ಪ್ರಿಂಗು. ಬಾಗಿಲಿಗೆ ಚಿಲಕವಿದ್ದ ಹಾಗೆ. ಸ್ಪ್ರಿಂಗು ಮೆತ್ತಗಾದರೆ ಭಾರ ಬಿದ್ದಾಗ ಕಂಬಿ ಜಾರಿ ಗೇರು ತಾನಾಗಿ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಗೇರು ಹಾರುವುದು ಅನ್ನುತ್ತೇವೆ. ಕಂಬಿ ಎಳೆಯುವ ಮೊದಲು ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಸ್ಪ್ರಿಂಗೂ ಗೋಲಿಯೂ ಚಿಮ್ಮಿ ಹೋಗುತ್ತವೆ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು.

ನನ್ನ ಹೆಬ್ಬೆರಳು ಅಲ್ಲಿರಲಿಲ್ಲ. ಆ ಹೊತ್ತಿಗೆ ಪದ್ಮಾ ಮಜ್ಜಿಗೆ ತಂದಳು. ನಾನು ತಲೆ ಎತ್ತಿದೆ.

ಗೋಲಿ ಸಿಕ್ಕಿತು. ಸ್ಪ್ರಿಂಗು ಬಣವೆಯೊಳಗೆ ಹಾರಿ ಹೋಯಿತು. ಇಬ್ಬರೂ ಬಳ್ಳಿ ಕೆದಕಿದ್ದೇ ಕೆದಕಿದ್ದು — ಅವಳು ನಗುತ್ತಾ, ನಾನು ಬೆವರುತ್ತಾ. ಹಿಂದೂಪುರದಿಂದ ಬಂದ ಮೇಸ್ತ್ರಿ ಬಂದ ದಿನವೇ ಸಾಮಾನು ಕಳೆದ ಅಂತ ಯಜಮಾನರಿಗೆ ಹೇಳುವುದಾದರೂ ಹೇಗೆ? ಪದ್ಮಾ ಸೂರಿನಿಂದ ಒಂದು ಕೆಟ್ಟುಹೋದ ಔಷಧಿ ಪಂಪು ಇಳಿಸಿಕೊಟ್ಟಳು, ಬೆಳೆಗೆ ಹೊಡೆಯುವಂಥದು. ಅದರ ಹಿಡಿಯೊಳಗೊಂದು ಸ್ಪ್ರಿಂಗಿತ್ತು. ಅಳತೆ ಹೆಚ್ಚುಕಡಿಮೆ ಸರಿಹೋಯಿತು, ಆದರೆ ಮೆತ್ತಗಿತ್ತು. ಎರಡು ಬೆರಳಿನಲ್ಲಿ ಒತ್ತಿದರೆ ಮುದುಡಿಕೊಳ್ಳುತ್ತಿತ್ತು. "ಸದ್ಯಕ್ಕೆ ನಡೀತದೆ, ಮುಂದಿನ್ ಸಲ ಸರಿಯಾದ್ದು ತತ್ತೀನಿ, ನಿಮ್ಮಪ್ಪನಿಗೆ ಹೇಳ್ಬೇಡ" ಅಂದೆ. ಅವಳು ತಲೆಯಾಡಿಸಿದಳು. ಕಚ್ಚಿಕೊಂಡಿದ್ದ ಗೇರು ಬಿಟ್ಟುಕೊಂಡಿತು, ಬಂಡಿ ಓಡಿತು, ಯಜಮಾನರು ಎದ್ದು ಬಂದು ಭೇಷ್ ಅಂದರು. ಇಲ್ಲಿಯವರೆಗೆ ನಡೆದದ್ದು ಎಡವಟ್ಟು ಅಷ್ಟೇ. ಇದಕ್ಕಾಗಿ ನಾನು ಇದನ್ನು ಬರೆಯುತ್ತಿರಲಿಲ್ಲ.

ಎರಡನೆಯ ಸಲ ಹೋದಾಗ ಸರಿಯಾದ ಸ್ಪ್ರಿಂಗು ನನ್ನ ಜೇಬಿನಲ್ಲಿತ್ತು. ಗ್ರೀಸು ಸವರಿ, ಕಾಗದದ ಚೂರಿನಲ್ಲಿ ಸುತ್ತಿ ತಂದಿದ್ದೆ. ಓಬಳಣ್ಣ ಬಂಡಿಯ ಹತ್ತಿರ ಕಾಯುತ್ತಿದ್ದ. ಕಟ್ಟುಮಸ್ತಾದ ಆಳು, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವನು. "ಉಳೋ ಗೇರು ನಿಲ್ತಿಲ್ಲ ಕಣಪ್ಪ. ಭಾರ ಬಿದ್ರೆ ಹಾರ್ಕಂಬ್ತೈತೆ. ಒಂದಪ ನೋಡು" ಅಂದ. ನೋಡುವುದೇನಿತ್ತು? ಮುಚ್ಚಳ ಬಿಚ್ಚಿ ಸ್ಪ್ರಿಂಗು ಬದಲಿಸಿದರೆ ಅರ್ಧ ಗಂಟೆಯ ಕೆಲಸ. ಅಷ್ಟರಲ್ಲಿ ಪದ್ಮಾ ಬಾಗಿಲಿಗೆ ಬಂದು, "ಬಂದ್ಬುಟ್ರಾ ಮೇಸ್ತ್ರಿ? ಇವತ್ತಾದ್ರೂ ಸರಿ ಮಾಡ್ತೀರಾ, ಇಲ್ಲ ಇನ್ನೊಂದಪ ಬತ್ತೀರಾ?" ಅಂತ ಕೇಳಿದಳು.

ಸರಿ ಮಾಡಿದರೆ ಇನ್ನೊಂದು ಸಲ ಬರುವ ಹಾಗಿಲ್ಲ — ನನ್ನ ತಲೆಗೆ ಹೊಳೆದದ್ದು ಅಷ್ಟೇ. ಕೆಟ್ಟ ಆಲೋಚನೆ ಅಂತ ಆಗ ಅನ್ನಿಸಲೇ ಇಲ್ಲ. ತಮಾಷೆ ಅನ್ನಿಸಿತು. ಜೇಬಿಗೆ ಕೈ ಹೋಯಿತು, ಕಾಗದದ ಸುತ್ತು ಬೆರಳಿಗೆ ಸಿಕ್ಕಿತು, ಕೈ ಬರಿದಾಗಿ ಹೊರಗೆ ಬಂತು.

ಆಮೇಲೆ ನಾನು ಮಾಡಿದ್ದು ನಾಟಕ. ಕ್ಲಚ್ ಪೆಡಲು ಎಷ್ಟು ಸಡಿಲವಿದೆ ಅಂತ ಒತ್ತಿ ಒತ್ತಿ ನೋಡಿದೆ. ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆ ಇಳಿಸಿ, ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿದೆಯೋ ಅಂತ ಬಿಸಿಲಿಗೆ ಹಿಡಿದೆ. ಎಣ್ಣೆಯಲ್ಲಿ ಲೋಹದ ಪುಡಿ ಇದೆಯೋ ಅಂತ ಬೆರಳುಗಳ ನಡುವೆ ಉಜ್ಜಿದೆ. ಗೇರಿನ ಕಡ್ಡಿಯನ್ನು ಅಲ್ಲಾಡಿಸಿ ಸದ್ದು ಕೇಳಿದೆ. ಒಂದೇ ಗೇರು ಹಾರಿದರೆ ಆ ಗೇರಿನ ಹಲ್ಲೋ ಆ ಕಂಬಿಯೋ ನೋಡಬೇಕು, ಎಲ್ಲ ಗೇರೂ ಹಾರಿದರೆ ಬೇರಿಂಗಿನ ಕಡೆ ನೋಡಬೇಕು ಅಂತ ಓಬಳಣ್ಣನಿಗೆ ಪಾಠ ಬೇರೆ ಮಾಡಿದೆ. ಹೇಳಿದ್ದೆಲ್ಲ ನಿಜವೇ. ಹಲ್ಲು ಸ್ವಲ್ಪ ಸವೆದಿದ್ದದ್ದೂ ನಿಜ, ಮೊದಲ ಸಲವೇ ನೋಡಿದ್ದೆ, ಆದರೆ ಸ್ಪ್ರಿಂಗು ಗಟ್ಟಿಯಿದ್ದಿದ್ದರೆ ಆ ಹಲ್ಲು ಇನ್ನೂ ಬಹಳ ಕಾಲ ಹಿಡಿದಿರುತ್ತಿತ್ತು. ಅವನು ಭಕ್ತಿಯಿಂದ ಕೇಳಿಸಿಕೊಂಡ. ನಾನು ಯಾವ ಮಾತು ಬಿಟ್ಟೆನೋ ಅದೊಂದು ಮಾತು ಅವನಿಗೆ ಬೇಕಾಗಿತ್ತು.

ಹೀಗೇ ಆ ಬೇಸಿಗೆಯಲ್ಲಿ ನಾಲ್ಕಾರು ಸಲ ಹೋದೆ. ಪ್ರತಿ ಸಲವೂ ಸ್ಪ್ರಿಂಗು ಜೇಬಿನಲ್ಲಿ. ಪ್ರತಿ ಸಲವೂ ಊಟ, ಮಜ್ಜಿಗೆ, ಅವಳ ಕೀಟಲೆ. ಯಜಮಾನರಿಗೂ ನಾನು ಹಿಡಿಸಿದೆ. ನಮ್ಮಪ್ಪನ ಹೆಸರು, ಮನೆದೇವರು ಎಲ್ಲ ವಿಚಾರಿಸತೊಡಗಿದರು. ನಾನು ಗಾಳಿಯಲ್ಲಿ ತೇಲುತ್ತಿದ್ದೆ.

ಇನ್ನು ಓಬಳಣ್ಣನ ಕೈಯ ವಿಷಯ. ಆ ಊರಿನಲ್ಲಿ ಕಾರಹುಣ್ಣಿಮೆಯ ದಿನ, ತೆಲುಗಿನಲ್ಲಿ ಏರುವಾಕ ಅನ್ನುತ್ತಾರಲ್ಲ, ಆ ದಿನ ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಯಾರು ಬೇಕಾದರೂ ಹೊಡೆಯುವ ಹಾಗಿಲ್ಲ. ಕೈಗುಣ ಇರುವವನು ಹೊಡೆಯಬೇಕು. ಅವನು ಮೊದಲು ಬಿತ್ತನೆಯ ಕಾಳನ್ನು ಎಲ್ಲರ ಅಂಗೈಗೂ ಹಾಕುತ್ತಾನೆ, ಆಮೇಲೆ ಹೊಲಕ್ಕೆ ಇಳಿಯುತ್ತಾನೆ. ಸಾಲು ಒಂದು ಬದುವಿನಿಂದ ಇನ್ನೊಂದು ಬದುವಿಗೆ ನಿಲ್ಲದೆ ಹೋಗಬೇಕು, ನಡುವೆ ತುಂಡಾಗಬಾರದು. ಎತ್ತಿನ ಕಾಲದಿಂದಲೂ ಅದು ಓಬಳಣ್ಣನ ಮನೆಯವರ ಪಾಲಿಗೆ ಬಂದ ಮರ್ಯಾದೆ, ಟ್ರ್ಯಾಕ್ಟರು ಬಂದ ಮೇಲೂ ಅವನೇ. ಸಾಲು ಮಾತ್ರವೇ? ಬಾವಿಗೆ ಮೊದಲ ಗುದ್ದಲಿ ಅವನದು, ಹೊಸ ಕರುವಿಗೆ ಮೊದಲ ಹಗ್ಗ ಅವನದು. ಸ್ವಂತ ಹೊಲವಿಲ್ಲದ ಅವನಿಗೆ ಊರು ಕೊಟ್ಟದ್ದು ಅದೊಂದೇ.

ಹಬ್ಬದ ದಿನವಾದರೂ ಸ್ಪ್ರಿಂಗು ಹಾಕಿಬಿಡಬೇಕು ಅಂತ ನಾನು ನಿಶ್ಚಯ ಮಾಡಿಕೊಂಡೇ ಹೊರಟಿದ್ದೆ. ಆದರೆ ಬಸ್ಸು ತಡವಾಯಿತು. ನಾನು ಹೋಗುವಾಗ ಬಂಡಿಯನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ಗೇರಿನ ಕಡ್ಡಿಗೂ ಹೂವು ಸುತ್ತಿ ಪೂಜೆ ಮುಗಿಸಿದ್ದರು. ಪೂಜೆಯಾದ ಬಂಡಿಗೆ ಸಾಲು ಮುಗಿಯುವವರೆಗೆ ಯಾರೂ ಸ್ಪ್ಯಾನರು ಮುಟ್ಟಿಸುವುದಿಲ್ಲ. ಮುಟ್ಟಿಸಬೇಕಾದರೆ ಕಾರಣ ಹೇಳಬೇಕಿತ್ತು. ಎಲ್ಲರೂ ಇದ್ದರು. ಪದ್ಮಾ ಹೊಸ ಸೀರೆ ಉಟ್ಟು ನಿಂತಿದ್ದಳು. ನಾನು — ಬಾಯಿ ತೆರೆಯಲಿಲ್ಲ. ಇವತ್ತೊಂದು ದಿನ ನಿಂತೀತು ಅಂದುಕೊಂಡೆ.

ನಿಲ್ಲಲಿಲ್ಲ. ಹೊಲದ ನಡುವೆ ನೇಗಿಲಿಗೆ ಗಟ್ಟಿ ನೆಲ ಸಿಕ್ಕಿದ್ದೇ ಗೇರು ಹಾರಿತು. ಇಂಜಿನ್ನು ಅರಚಿತು, ಬಂಡಿ ನಿಂತಿತು, ಸಾಲು ತುಂಡಾಯಿತು. ತಮಟೆ ತಾನಾಗಿ ನಿಂತುಹೋಯಿತು. ಓಬಳಣ್ಣ ಸೀಟಿನ ಮೇಲೆ ಕೂತೇ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಹಿಂದಿನಿಂದ ಯಾರೋ, "ಕೈ ಕೆಟ್ಟೋಯ್ತು ಕಣ್ಲಾ" ಅಂದರು.

ಆ ಸಂಜೆ ಯಜಮಾನರು ನನ್ನೊಬ್ಬನನ್ನೇ ಜಗಲಿಗೆ ಕರೆದು ಕೇಳಿದರು. "ನಿಜ ಹೇಳಪ್ಪ ಮೇಸ್ತ್ರಿ. ನೀನು ತಿಳಿದೋನು. ಬಂಡಿ ತಪ್ಪಾ, ಓಬಳನ ಕೈ ತಪ್ಪಾ?"

ಬಂಡಿಯ ತಪ್ಪು ಅಂದರೆ ಯಾವ ತಪ್ಪು ಅನ್ನುತ್ತಾರೆ. ಯಾವ ತಪ್ಪು ಅಂತ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ಮನೆಗೆ ಬಂದು ಉಂಡು, ಮಗಳ ಮೇಲೆ ಕಣ್ಣಿಟ್ಟು, ಬಂಡಿ ಕೆಡಿಸಿಟ್ಟವನಿಗೆ ಯಾರು ಹೆಣ್ಣು ಕೊಡುತ್ತಾರೆ? ಇದೆಲ್ಲ ಒಂದು ಕ್ಷಣದಲ್ಲಿ ಲೆಕ್ಕ ಹಾಕಿದೆ. ನನ್ನ ತಲೆ ಅಷ್ಟು ಚುರುಕಾಗಿ ಮತ್ತೆಂದೂ ಓಡಿದ್ದಿಲ್ಲ.

"ಬಂಡೀಲಿ ಏನೂ ತಪ್ಪಿಲ್ಲ ಯಜಮಾನ್ರೇ" ಅಂದೆ.

ಓಬಳಣ್ಣನ ಕೈ ತಪ್ಪು ಅಂತ ನಾನು ಹೇಳಲಿಲ್ಲವಲ್ಲ — ಈ ಸಮಾಧಾನವನ್ನು ಎಷ್ಟೋ ವರ್ಷ ಬಚ್ಚಿಟ್ಟುಕೊಂಡು ಬೇಕಾದಾಗ ತೆಗೆದು ನೋಡಿಕೊಂಡಿದ್ದೇನೆ. ಎಂಥ ಸಮಾಧಾನ ಅದು? ಎರಡರಲ್ಲಿ ಒಂದು ಅಂತ ಕೇಳಿದವರಿಗೆ ಒಂದನ್ನು ಅಲ್ಲಗಳೆದರೆ ಇನ್ನೊಂದನ್ನು ಹೇಳಿದ ಹಾಗೇ. ನನಗೆ ಅದು ಆಗಲೇ ಗೊತ್ತಿತ್ತು.

ಮುಂದಿನ ಮಾಘದಲ್ಲಿ ನಮ್ಮ ಮದುವೆಯಾಯಿತು. ಅಕ್ಷತೆ ಹಾಕುವ ಹೊತ್ತಿಗೆ ಓಬಳಣ್ಣ ಎಲ್ಲರ ಹಿಂದೆ, ಕಂಬದ ಮರೆಯಲ್ಲಿ ನಿಂತಿದ್ದ. ಪದ್ಮಾಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಅವನ ಅಂಗೈಗೂ ಅಕ್ಷತೆ ಬಂತು. ಅವನು ಅದನ್ನು ಹಾಗೇ ಹೆಂಡತಿಯ ಕೈಗೆ ಸುರಿದು, ತನ್ನ ಕೈಗಳನ್ನು ಟವೆಲಿನಲ್ಲಿ ಸುತ್ತಿಕೊಂಡ. ತಾಳಿ ಕಟ್ಟುತ್ತಿದ್ದ ನಾನು ಅದನ್ನು ನೋಡಿದೆ. ನೋಡಿದ್ದು ಇವತ್ತಿಗೂ ಕಣ್ಣಿನಿಂದ ಹೋಗಿಲ್ಲ.

ಮಾರನೆಯ ವರ್ಷದಿಂದ ಮೊದಲ ಸಾಲು ಬೇರೆಯವರಿಗೆ ಹೋಯಿತು, ಬೇರೆ ಬಂಡಿಗೆ ಹೋಯಿತು. ಕರುವಿಗೆ ಹಗ್ಗ ಹಾಕಲು ಯಾರೂ ಓಬಳಣ್ಣನನ್ನು ಕರೆಯಲಿಲ್ಲ. ಯಾರೂ ಬೈದದ್ದಿಲ್ಲ, ಕೂಲಿ ತಪ್ಪಿಸಿದ್ದಿಲ್ಲ. ಸುಮ್ಮನೆ ಕರೆಯಲಿಲ್ಲ, ಅಷ್ಟೇ. ಅವನೂ ಯಾರ ಕೈಗೂ ಏನನ್ನೂ ನೇರವಾಗಿ ಕೊಡುವುದನ್ನು ಬಿಟ್ಟ. ಬಿತ್ತನೆಯ ಕಾಳಾಗಲಿ, ಎಲೆ ಅಡಿಕೆಯಾಗಲಿ ನೆಲದ ಮೇಲಿಟ್ಟು, "ತಗಳ್ರಪ್ಪ" ಅನ್ನುತ್ತಿದ್ದ. ನಮ್ಮ ಮಕ್ಕಳನ್ನು ಕರೆದುಕೊಂಡು ಹೋದಾಗ ಹತ್ತಿರ ಬಂದು ನಗುತ್ತಿದ್ದ, ಎತ್ತಿಕೊಳ್ಳುತ್ತಿರಲಿಲ್ಲ.

ಆದರೂ ಮನೆಯ ಉಳುಮೆ ಅವನದೇ, ಯಾಕೆಂದರೆ ಆ ಬಂಡಿಯಲ್ಲಿ ಇನ್ನು ಯಾರ ಕೈಲೂ ಉಳಲಾಗುತ್ತಿರಲಿಲ್ಲ. ಗೇರಿನ ಕಡ್ಡಿ ಹಾರದ ಹಾಗೆ ಬಲ ಮೊಣಕಾಲಿನಿಂದ ಒತ್ತಿ ಹಿಡಿದೇ ಇಡೀ ಹೊಲ ಉಳುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ, ವರ್ಷ ವರ್ಷ. ಕೊನೆಗೆ ಹೊಸ ಟ್ರ್ಯಾಕ್ಟರು ಬಂದು ಹಳೆಯದು ಕೊಟ್ಟಿಗೆ ಸೇರಿದ ದಿನ ಅವನ ಉಳುಮೆಯೂ ಮುಗಿಯಿತು. ಈಗ ಅವನು ನಡೆಯುವಾಗ ಆ ಕಾಲನ್ನು ಸ್ವಲ್ಪ ಎಳೆಯುತ್ತಾನೆ.

ನೀವು ಕೇಳಬಹುದು — ಮದುವೆಯಾಯಿತಲ್ಲ, ಅಳಿಯನಾದೆಯಲ್ಲ, ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಸ್ಪ್ರಿಂಗು ಬದಲಿಸಿಬಿಡಬಹುದಿತ್ತಲ್ಲ? ಬದಲಿಸಬಹುದಿತ್ತು. ಗೇರು ಇದ್ದಕ್ಕಿದ್ದಂತೆ ಸರಿಹೋದರೆ ಏನಾಗಿತ್ತು ಅಂತ ಕೇಳುತ್ತಾರಲ್ಲ ಅನ್ನುವ ಹೆದರಿಕೆ ಮೊದಲು. ಮಾವನಿಗೆ ನನ್ನ ಮೇಲಿದ್ದ ಪ್ರೀತಿ ಎಲ್ಲಿ ಹೋದೀತೋ ಅನ್ನುವುದು ಆಮೇಲೆ. ಅವರು ತೀರಿಕೊಂಡ ಮೇಲೆ ಆ ನೆಪವೂ ಇರಲಿಲ್ಲ. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು, ಮನೆ ತುಂಬಿತ್ತು, ನಾನು ಸುಖವಾಗಿದ್ದೆ. ಸುಖವಾಗಿರುವವನಿಗೆ ಇನ್ನೊಬ್ಬನ ಮೊಣಕಾಲು ನೆನಪಾಗುವುದು ಕಡಿಮೆ.

ಆ ಸ್ಪ್ರಿಂಗು ಮಾತ್ರ ಅಂಗಡಿಯ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ ಇತ್ತು. ಅದೇ ಮಾದರಿಯ ಬಂಡಿಗಳು ಎಷ್ಟೋ ಬಂದು ಹೋದವು. ಯಾವುದಕ್ಕೂ ಅದನ್ನು ಹಾಕಲು ಕೈ ಬರಲಿಲ್ಲ.

ಈ ವರ್ಷ ಪದ್ಮಾಳ ತಮ್ಮ ಸೀನ ಫೋನು ಮಾಡಿದ. "ಭಾವಾ, ಅಪ್ಪನ ಬಂಡಿ ರೆಡಿ ಮಾಡ್ಕೊಡಿ. ಈಗ ಹಳೇ ಬಂಡಿ ಅಂದ್ರೆ ಜನ ನಿಂತ್ಕಂಡು ನೋಡ್ತಾರೆ. ಏರುವಾಕಕ್ಕೆ ಹೊಲಕ್ಕೆ ಇಳಿಸ್ಬೇಕು." ಆಗಲಿ ಅಂದೆ. ಫೋನು ಇಟ್ಟ ಮೇಲೆ ಡಬ್ಬಿ ಹುಡುಕಿದೆ.

ಊರಿಗೆ ಪದ್ಮಾ ಕೂಡ ಬಂದಳು. ಕೊಟ್ಟಿಗೆಯಲ್ಲಿ ಬಂಡಿಯ ಮುಚ್ಚಳ ಬಿಚ್ಚಿದಾಗ ಅವಳು ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಈ ಸಲ ಹೆಬ್ಬೆರಳು ಇಟ್ಟೆ. ಔಷಧಿ ಪಂಪಿನ ಸ್ಪ್ರಿಂಗು ಎಣ್ಣೆಯಲ್ಲಿ ಕಪ್ಪಗಾಗಿ ಮೆಲ್ಲಗೆ ಮೇಲೆ ಬಂತು. ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದೆ. ಅವಳೂ ನೋಡಿದಳು.

"ನಮ್ ಪಂಪಿಂದು" ಅಂದಳು.

ಅವಳು ಸೆರಗಿನಿಂದ ತುಟಿ ಒರೆಸಿಕೊಂಡು, ನನ್ನ ಕಡೆ ನೋಡದೆ ಹೇಳಿದಳು. "ಎರಡ್ನೇ ದಪ ಬಂದಾಗ ನೀವು ಮುಚ್ಚಳ ಬಿಚ್ಚಲೇ ಇಲ್ಲ. ನಾನು ಬಾಗ್ಲಲ್ಲಿ ನಿಂತಿದ್ದೆ. ನನ್ ಸಲುವಾಗಿ ಅಂತ ಗೊತ್ತಾಗಿ ಸಂತೋಷ ಆಗಿತ್ತು. ಹಬ್ಬದ ದಿನ ಸಾಲು ನಿಂತಾಗ ನಿಮ್ ಮಕಾನೇ ನೋಡ್ತಿದ್ದೆ. ನೀವು ಹೇಳ್ತೀರ ಅಂದ್ಕಂಡೆ. ನೀವು ಹೇಳ್ಲಿಲ್ಲ, ನಾನೂ ಸುಮ್ಕಾದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಗುಟ್ಟನ್ನು ಇಬ್ಬರೂ ಬೇರೆ ಬೇರೆಯಾಗಿ ಕಾಯ್ದುಕೊಂಡು ಬಂದಿದ್ದೆವು. ಅವಳ ಪಾಲನ್ನು ಅವಳು ಹೇಳಿಕೊಳ್ಳಲಿ. ಅವಳಿಗೆ ಗೊತ್ತಿತ್ತು ಅನ್ನುವುದರಿಂದ ನನ್ನ ಪಾಲು ಸಾಸಿವೆಯಷ್ಟೂ ಕಡಿಮೆಯಾಗುವುದಿಲ್ಲ. ಜೇಬು ನನ್ನದು, ಮಾತು ನನ್ನದು. ಎರಡು ಸ್ಪ್ರಿಂಗನ್ನೂ ಕೈಯಲ್ಲಿ ಹಿಡಿದುಕೊಂಡು ಓಬಳಣ್ಣನ ಮನೆಗೆ ಹೊರಟೆ. ಪದ್ಮಾ ಬರುತ್ತೇನೆ ಅಂದಳು, ಬೇಡ ಅಂದೆ.

ಅವನು ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಈಗ ಎಂಬತ್ತರ ಹತ್ತಿರ. ನಾನು ನೆಲದ ಮೇಲೆ ಕೂತೆ. "ಮೇಲೆ ಕೂತ್ಕಳಪ್ಪ, ಅಳಿಯಂದಿರು" ಅಂದ. ಕೂರಲಿಲ್ಲ. ಬಣವೆಯಿಂದ ಶುರುಮಾಡಿ ಜಗಲಿಯವರೆಗೆ ಎಲ್ಲ ಹೇಳಿದೆ. ಯಾವುದನ್ನೂ ನಯ ಮಾಡಲಿಲ್ಲ. ಮುಗಿದ ಮೇಲೆ ಅವನು ಕೈ ಚಾಚಿದ. ಪಂಪಿನ ಸ್ಪ್ರಿಂಗನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದ. ಅದು ಮುದುಡಿತು. ಇನ್ನೊಂದನ್ನು ಒತ್ತಿದ. ಅದು ಜಗ್ಗಲಿಲ್ಲ. ಮತ್ತೆ ಮೊದಲನೆಯದನ್ನು ಒತ್ತಿದ.

"ಹುಡುಗಿ ಬೇಕು ಅಂದಿದ್ರೆ ನಾನೇ ಯಜಮಾನ್ರ ಹತ್ರ ಮಾತಾಡ್ತಿದ್ನಲ್ಲಪ್ಪ" ಅಂದ. "ನೀನು ಒಳ್ಳೇ ಹುಡ್ಗ ಅಂತ ನಾನೇ ಅವರ್ಗೆ ಹೇಳಿದ್ದೆ."

ನಾನು ತಲೆ ತಗ್ಗಿಸಿದೆ. ಅವನು ನಿಧಾನವಾಗಿ, ನನಗೆ ಹೇಳುವ ಹಾಗೂ ಅಲ್ಲ, ತನಗೇ ಹೇಳಿಕೊಳ್ಳುವ ಹಾಗೆ ಹೇಳಿದ. "ಊರೋರು ಕೈ ಕೆಟ್ಟೋಯ್ತು ಅಂದಾಗ ನಾನು ನಂಬಿರ್ಲಿಲ್ಲ ಕಣಪ್ಪ. ಬಂಡೀದೇ ಏನೋ ಐತೆ, ಮೇಸ್ತ್ರಿ ಕಂಡುಹಿಡೀತಾನೆ ಅಂತಿದ್ದೆ. ಅವತ್ತು ಸಂಜೆ ಕೊಟ್ಟಿಗೇಲಿ ಎತ್ತಿಗೆ ನೀರಿಕ್ತಿದ್ದೆ. ನೀನು ಬಂಡೀಲಿ ಏನೂ ತಪ್ಪಿಲ್ಲ ಅಂದಿದ್ದು ಕೇಳಿಸ್ತು. ಅವತ್ತು ನಂಬಿಬುಟ್ಟೆ."

ಇದನ್ನು ನಾನು ಎಣಿಸಿರಲಿಲ್ಲ. ಊರಿಗೆ ಸುಳ್ಳು ಹೇಳಿದೆ ಅಂದುಕೊಂಡಿದ್ದೆ. ನಾನು ಸುಳ್ಳು ಹೇಳಿದ್ದು ಅವನಿಗೆ — ತನ್ನ ಕೈಯನ್ನು ಇನ್ನೂ ನಂಬಿಕೊಂಡಿದ್ದ ಒಬ್ಬನೇ ಒಬ್ಬನಿಗೆ. ಅಲ್ಲೇ ಅತ್ತೆ. ಅವನು ನನ್ನ ಬೆನ್ನ ಮೇಲೆ ಕೈಯಿಡಲು ಬಂದು, ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಪೋನೀಲೇ... ಹೋಗ್ಲಿ ಬುಡು" ಅಂದ.

ಹೋಗಲಿ ಬಿಡುವಂಥದ್ದಲ್ಲ ಅದು. ಕಾರಹುಣ್ಣಿಮೆಯ ದಿನ ಬಂಡಿಗೆ ಪೂಜೆಯಾಗುವ ಮೊದಲು ಹೊಲದ ಬದುವಿನಲ್ಲಿ ಊರವರೆಲ್ಲರ ಮುಂದೆ ನಿಂತು ಇನ್ನೊಂದು ಸಲ ಹೇಳಿದೆ. ಪಂಪಿನ ಸ್ಪ್ರಿಂಗನ್ನು ಎತ್ತಿ ತೋರಿಸಿದೆ; ಸರಿಯಾದದ್ದನ್ನು ಅಷ್ಟರಲ್ಲಿ ಬಂಡಿಗೆ ಹಾಕಿಯಾಗಿತ್ತು. ಸೀನನ ಮುಖ ಕಪ್ಪಿಟ್ಟಿತು. ಕೆಲವರು ನಕ್ಕರು, "ಹೆಣ್ಣಿನ ಸಲುವಾಗಿ ಎಂಥಾ ಕೆಲ್ಸ ಮಾಡ್ದೆ ಮಾರಾಯ" ಅಂತ. ಹಿರಿಯರಲ್ಲಿ ಒಬ್ಬಿಬ್ಬರು ನಗಲಿಲ್ಲ. ಅವರು ನೆಲ ನೋಡುತ್ತಿದ್ದರು. ಅವರೂ ಅವತ್ತು ಆ ಹೊಲದಲ್ಲಿದ್ದವರು.

ಬಿತ್ತನೆಯ ಕಾಳಿನ ಮೊರವನ್ನು ಓಬಳಣ್ಣನ ಮುಂದೆ ಹಿಡಿದವಳು ಪದ್ಮಾ. ಅವನು ರೂಢಿಯಂತೆ ಕಾಳು ತೆಗೆದು ನೆಲಕ್ಕೆ ಬಗ್ಗಿದ. ಅವಳು ಅವನ ಕೈಯ ಕೆಳಗೆ ತನ್ನ ಅಂಗೈ ಒಡ್ಡಿದಳು. "ಇಲ್ಲಿ ಹಾಕಣ್ಣ" ಅಂದಳು. ಅವನ ಬೆರಳು ಸಡಿಲವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಳು ಅವಳ ಕೈಗೆ ಬಿತ್ತು. ಆಮೇಲೆ ಒಬ್ಬೊಬ್ಬರೇ ಬಂದು ಕೈಯೊಡ್ಡಿದರು. ನಾನು ಎಲ್ಲರಿಗಿಂತ ಕೊನೆಗೆ ನಿಂತೆ. ನನಗೂ ಹಾಕಿದ.

ಅವನನ್ನು ಸೀಟಿಗೆ ಹತ್ತಿಸಲು ಸೀನನೂ ನಾನೂ ಎರಡು ಕಡೆ ಹಿಡಿಯಬೇಕಾಯಿತು. ಕೂತ ಮೇಲೆ ಮಾತ್ರ ಅವನ ಬೆನ್ನು ನೆಟ್ಟಗಾಯಿತು. ಕ್ಲಚ್ಚು ಒತ್ತಿ ಗೇರು ಹಾಕಿದ. ಗೋಲಿ ಗುಳಿಯಲ್ಲಿ ಕೂತ ಸದ್ದು ನನ್ನ ಕಿವಿಗೆ ಕೇಳಿಸಿತು. ನೇಗಿಲು ಇಳಿಯಿತು, ಮಣ್ಣು ಮಗುಚಿತು, ಬಂಡಿ ನಿಧಾನವಾಗಿ ಹೊರಟಿತು. ನಾನು ಪಕ್ಕದಲ್ಲೇ ನಡೆದೆ. ಹಿಂದೆ ಸಾಲು ತುಂಡಾಗಿದ್ದ ಗಟ್ಟಿ ನೆಲ ಬಂತು. ಇಂಜಿನ್ನು ಸ್ವಲ್ಪ ಕುಗ್ಗಿತು, ಗೇರು ಅಲುಗಲಿಲ್ಲ. ದಾಟಿತು. ಹಿಂದಿನಿಂದ ಜನ ಕೂಗಿದರು, ತಮಟೆ ಜೋರಾಯಿತು. ನನಗೆ ಎಂದೂ ಇಲ್ಲದ ಹಗುರ ಅನ್ನಿಸಿ, ತಲೆಯೆತ್ತಿ ಅವನ ಕಡೆ ನೋಡಿದೆ.

ಅವನ ಬಲ ಮೊಣಕಾಲು ಗೇರಿನ ಕಡ್ಡಿಯನ್ನು ಒತ್ತಿ ಹಿಡಿದಿತ್ತು.

"ಓಬಳಣ್ಣಾ, ಕಾಲು ತೆಗಿ" ಅಂತ ಇಂಜಿನ್ನಿನ ಸದ್ದಿನ ಮೇಲೆ ಕೂಗಿದೆ. "ಇನ್ನು ಅದು ಹಾರಲ್ಲ."

ಅವನು ಸಾಲಿನಿಂದ ಕಣ್ಣು ತೆಗೆಯದೆ ನಕ್ಕ. "ನಂಗೆ ಗೊತ್ತಾಯ್ತು ಕಣಪ್ಪ" ಅಂದ. "ಕಾಲಿಗೆ ಇನ್ನೂ ಗೊತ್ತಾಗಿಲ್ಲ."

ಆಚೆ ಬದುವಿನವರೆಗೂ ಆ ಮೊಣಕಾಲನ್ನು ನೋಡಿಕೊಂಡೇ ನಡೆದೆ.